ತೀರಿಕೊಂಡವರ ಫೋಟೊದಲ್ಲೂ ನಾವೇ ನಡುವೆ

ಮಾನ್ಯ ಸಂಪಾದಕರೇ,

ಈಚೆಗೆ ನಮಗೆಲ್ಲ ಪಾಠ ಹೇಳಿಕೊಟ್ಟ ಮೇಷ್ಟ್ರೊಬ್ಬರು ತೀರಿಕೊಂಡರು. ಸುದ್ದಿ ಬಂದ ಒಂದು ಗಂಟೆಯೊಳಗೆ ಫೇಸ್‌ಬುಕ್ ತುಂಬಾ ಅವರ ಫೋಟೊ. ಒಂದೊಂದೇ ಓದುತ್ತಾ ಹೋದೆ. ನನ್ನ ಪ್ರಬಂಧ ಮೆಚ್ಚಿದ್ದರು, ನಾನು ದೊಡ್ಡ ಹೆಸರು ಮಾಡುತ್ತೇನೆ ಅಂತ ಅಂದೇ ಹೇಳಿದ್ದರು, ಹುಷಾರಿಲ್ಲದಿದ್ದರೂ ನನ್ನ ಪುಸ್ತಕ ಬಿಡುಗಡೆಗೆ ಬಂದಿದ್ದರು, ಹೀಗೆ. ಫೋಟೊಗಳೂ ಅಷ್ಟೇ, ಬರೆದವರು ನಡುವೆ, ಮೇಷ್ಟ್ರು ಪಕ್ಕದಲ್ಲಿ. ಇಪ್ಪತ್ತು ಪೋಸ್ಟ್ ಓದಿದ ಮೇಲೂ ಆ ಮನುಷ್ಯ ಹೇಗೆ ಪಾಠ ಮಾಡುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು ಅನ್ನುವುದು ಸಿಗಲಿಲ್ಲ. ಮನಸ್ಸಿಗೆ ತುಂಬಾ ನೋವಾಯಿತು. ಅದಕ್ಕೇ ಈ ಪತ್ರ.

ಹಾಗೆ ಬರೆದವರು ಕೆಟ್ಟವರಲ್ಲ. ಅವರಲ್ಲಿ ಹಲವರು ನನಗೆ ಗೊತ್ತು, ಮೇಷ್ಟ್ರ ಮೇಲೆ ನಿಜವಾದ ಪ್ರೀತಿ ಇದ್ದವರೇ. ಆದರೆ ನಮ್ಮೆಲ್ಲರ ಕೈಗೆ ಒಂದು ರೂಢಿ ಹತ್ತಿಬಿಟ್ಟಿದೆ. ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಬಂದಿದ್ದು 2009ರಲ್ಲಿ. ಅದಕ್ಕೂ ಮುಂಚೆ ಜನ ತಮ್ಮನ್ನು ತಾವು ಹೊಗಳಿಕೊಳ್ಳುತ್ತಿರಲಿಲ್ಲ ಅಂತಲ್ಲ, ಆದರೆ ಆ ಮಾತು ಕೇಳಿದವರ ಕಿವಿಯಲ್ಲೇ ಮುಗಿದುಹೋಗುತ್ತಿತ್ತು. ಈಗ ಪ್ರತಿ ಮಾತಿನ ಕೆಳಗೂ ಒಂದು ಅಂಕಿ ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ, ಜಾಸ್ತಿ ಲೈಕ್ ಬಿದ್ದದ್ದನ್ನು ಇನ್ನೂ ಜಾಸ್ತಿ ಜನರಿಗೆ ತೋರಿಸುವಂತೆ ಆ ವ್ಯವಸ್ಥೆಯನ್ನೇ ಕಟ್ಟಿದ್ದಾರೆ. 2021ರಲ್ಲಿ ಇನ್‌ಸ್ಟಾಗ್ರಾಂ ಲೈಕ್‌ಗಳ ಲೆಕ್ಕ ಮುಚ್ಚಿಡುವ ಅವಕಾಶ ಕೊಟ್ಟಿತು. ನನಗೆ ಗೊತ್ತಿರುವವರಲ್ಲಿ ಅದನ್ನು ಬಳಸುವವರು ಯಾರೂ ಇಲ್ಲ.

2015ರಲ್ಲಿ ಸೈಕಲಾಜಿಕಲ್ ಸೈನ್ಸ್ ಎಂಬ ನಿಯತಕಾಲಿಕದಲ್ಲಿ ಒಂದು ಅಧ್ಯಯನ ಬಂದಿತ್ತು. ನಮ್ಮ ಸಾಧನೆ ಹೇಳಿಕೊಂಡಾಗ ಕೇಳುವವರಿಗೆ ಎಷ್ಟು ಖುಷಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೋ ಅಷ್ಟು ಆಗುವುದಿಲ್ಲ, ಅವರಿಗೆ ಆಗುವ ಕಿರಿಕಿರಿ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಅನ್ನುವುದು ಅದರ ಸಾರ. ಇದನ್ನು ಓದಿದಾಗ ಹೌದಲ್ವಾ ಅನಿಸಿತು. ನಾವು ಬೇರೆಯವರ ಪೋಸ್ಟ್‌ಗೆ ಲೈಕ್ ಒತ್ತುವುದೂ ಎಷ್ಟೋ ಸಲ ಖುಷಿಯಿಂದಲ್ಲ, ಒತ್ತದಿದ್ದರೆ ಬೇಜಾರು ಮಾಡಿಕೊಂಡಾರು ಅಂತ. 'ಇಂಥ ದೊಡ್ಡ ಗೌರವಕ್ಕೆ ನಾನು ಯೋಗ್ಯನಲ್ಲ' ಎಂದು ಬರೆದು ಕೆಳಗೆ ಹನ್ನೆರಡು ಫೋಟೊ ಹಾಕುವುದಂತೂ ಯಾರಿಗೂ ಹಿಡಿಸುವುದಿಲ್ಲ. ಅದಕ್ಕಿಂತ 'ಪ್ರಶಸ್ತಿ ಬಂತು, ಖುಷಿಯಾಗಿದೆ' ಎಂದು ನೇರವಾಗಿ ಹೇಳಿದರೆ ಎಷ್ಟೋ ಚೆನ್ನ.

ನನಗೆ ಇನ್ನೂ ಜಾಸ್ತಿ ಸಂಕಟವಾಗುವುದು ಸಹಾಯದ ವಿಡಿಯೊಗಳನ್ನು ನೋಡಿದಾಗ. ಕಷ್ಟದಲ್ಲಿರುವವರ ಕೈಗೆ ಒಂದು ಪೊಟ್ಟಣ ಇಡುತ್ತಾರೆ, ಕ್ಯಾಮೆರಾ ಅವರ ಮುಖದ ಹತ್ತಿರ ಹೋಗುತ್ತದೆ, ಕಣ್ಣೀರು ಬಂದರೆ ಇನ್ನೂ ಹತ್ತಿರ. ಆ ಮನುಷ್ಯನಿಗೆ ಮಕ್ಕಳಿರಬಹುದು, ನೆಂಟರಿರಬಹುದು, ಒಂದು ಕಾಲದಲ್ಲಿ ಚೆನ್ನಾಗಿ ಬಾಳಿದವರೂ ಇರಬಹುದು. ಬೇಡ ಅನ್ನುವ ಸ್ಥಿತಿಯಲ್ಲಿ ಅವರಿಲ್ಲ. ಕೊಟ್ಟವರ ಹೆಸರು ಹರಡುತ್ತದೆ, ತೆಗೆದುಕೊಂಡವರ ಮಾನ ಅದರ ಜೊತೆಗೇ ಬೀದಿಗೆ ಬರುತ್ತದೆ. ದಯವಿಟ್ಟು ಇದನ್ನಾದರೂ ನಿಲ್ಲಿಸಿ. ಇಂಥವನ್ನು ನೋಡುವವರು ಮುಂದಕ್ಕೆ ಕಳಿಸುವುದನ್ನಾದರೂ ಬಿಡಿ.

ತಮ್ಮ ಕೆಲಸ ನಾಲ್ಕು ಜನಕ್ಕೆ ತಿಳಿದರಷ್ಟೇ ಹೊಟ್ಟೆ ತುಂಬುವವರ ಬಗ್ಗೆ ನನ್ನ ತಕರಾರಿಲ್ಲ. ಚಿತ್ರ ಬರೆಯುವವರು, ಬಟ್ಟೆ ಹೊಲಿಯುವವರು, ಕೆಲಸ ಹುಡುಕುತ್ತಿರುವವರು ಹೇಳಿಕೊಳ್ಳಲೇಬೇಕು. ಅವರು ತೋರಿಸುವುದು ಮಾಡಿದ ವಸ್ತುವನ್ನು. ಆದರೆ ಎಲೆಮರೆಯ ಕಾಯಿ ಅಂತ ನಾವು ಮೆಚ್ಚಿ ಕರೆಯುತ್ತಿದ್ದ ಜನ ಈಗಲೂ ಇದ್ದಾರೆ, ಸುಮ್ನೆ ತಮ್ಮ ಕೆಲಸ ಮಾಡಿಕೊಂಡು ಹೋಗುವವರು. ಅವರನ್ನು ನೋಡಿ 'ಇವರಿಗೆ ಮಾರ್ಕೆಟಿಂಗ್ ಗೊತ್ತಿಲ್ಲ' ಅನ್ನುವ ಮಟ್ಟಕ್ಕೆ ಬಂದಿದ್ದೇವೆ. ನನ್ನ ಮಟ್ಟಿಗೆ ವಿನಯ ಅಂದರೆ ಎದುರಿಗಿರುವವರಿಗೆ ಜಾಗ ಬಿಡುವುದು, ಅದು ಸತ್ತವರಿಗಾಗಲಿ, ಕಷ್ಟದಲ್ಲಿರುವವರಿಗಾಗಲಿ.

ಮೇಷ್ಟ್ರ ಆ ಪೋಸ್ಟ್‌ಗಳಲ್ಲೊಂದರ ಕೆಳಗೆ, ಎಷ್ಟೋ ಕಮೆಂಟ್ ದಾಟಿದ ಮೇಲೆ, ಹಳೆಯ ಸಹಪಾಠಿಯೊಬ್ಬರು ಎರಡೇ ಸಾಲು ಬರೆದಿದ್ದರು. ಎಂದೂ ಏನೂ ಬರೆಯದವರು. ಪಾಠ ಮುಗಿದ ಮೇಲೆ ಮೇಷ್ಟ್ರು ಬೋರ್ಡನ್ನು ತಾವೇ ಪೂರ್ತಿ ಒರೆಸಿ ಹೋಗುತ್ತಿದ್ದರು, ಮುಂದೆ ಬರುವ ಮೇಷ್ಟ್ರಿಗೆ ತೊಂದರೆ ಆಗಬಾರದು ಅಂತ, ಎಂದು. ಓದಿದ ಕೂಡಲೇ ನನಗೂ ನೆನಪಾಯಿತು, ಬೆಲ್ ಹೊಡೆದ ಮೇಲೂ ನಿಂತು ಮೂಲೆಮೂಲೆ ಒರೆಸುತ್ತಿದ್ದ ಆ ಕೈ, ಅಂಗಿಯ ತೋಳಿಗೆ ಹತ್ತಿದ ಚಾಕ್‌ಪೀಸಿನ ಪುಡಿ.

ಇತಿ,
ನಿಮ್ಮ ಪತ್ರಿಕೆಯ ಓದುಗ