ಕೃಷ್ಣಾ ದಂಡೆಯವರೇ, ಕೊಯ್ನಾ ಕಡೆ ಕಣ್ಣಿರಲಿ

ಎಲ್ಲರಿಗೂ ನಮಸ್ಕಾರ. ಊರಲ್ಲಿ ಮಳೆ ಇಲ್ಲ ಅಂತ ಸುಮ್ನೆ ಕೂರಬೇಡಿ. ನಮ್ಮ ಹೊಳೆ ತುಂಬುವುದು ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಅಣೆಕಟ್ಟಿನ ಕಡೆಯ ಮಳೆಗೆ.

2019 ನೆನಪಿದೆ ಅಲ್ವಾ? ಬೇಸಿಗೆಯಲ್ಲಿ ಹೊಳೆ ಬತ್ತಿ, ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳಿದೆವು. ಆಗಸ್ಟ್‌ನಲ್ಲಿ ಅದೇ ಹೊಳೆ ಮನೆಯೊಳಗೆ ಬಂತು. ಸಮುದ್ರ ಬಿಸಿಯಾದಷ್ಟೂ ಗಾಳಿಯಲ್ಲಿ ತೇವ ಜಾಸ್ತಿ. ಸುರಿದರೆ ಒಂದೇ ಸಮನೆ ಸುರಿಯುತ್ತದೆ. ಬರದ ಭಯಕ್ಕೆ ಅಣೆಕಟ್ಟು ಬೇಗ ತುಂಬಿಸಿಟ್ಟರೆ ಆ ನೀರಿಗೆ ಜಾಗವೇ ಇರುವುದಿಲ್ಲ, ಒಮ್ಮೆಲೇ ಗೇಟ್ ಎತ್ತಬೇಕಾಗುತ್ತದೆ. ಸ್ವಲ್ಪ ಜಾಗ ಖಾಲಿ ಇಡಿ ಎಂದು ನಾವೆಲ್ಲ ಕೇಳಲೇಬೇಕು.

ಕೊಯ್ನಾ, ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂದು ಗೊತ್ತಾದವರು ದಿನಾ ಬೆಳಗ್ಗೆ ಇಲ್ಲಿ ಹಾಕಿ. ಹಳೇ ವಿಡಿಯೊ ಬೇಡ. ದಂಡೆಯ ಮೋಟಾರು, ಪೈಪು ಈಗಲೇ ಮೇಲೆತ್ತಿಡಿ. ಕಲ್ಲೋಳ-ಯಡೂರ ಸೇತುವೆ ಮೇಲೆ ನೀರು ಬಂದರೆ ದಯವಿಟ್ಟು ದಾಟಬೇಡಿ.