ಮಳೆಗಾಲದಲ್ಲಿ ಗುಡ್ಡಕ್ಕೆ ಜೀಪು ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆ ಗುಡ್ಡಕ್ಕೆ ಗುಂಪುಗುಂಪಾಗಿ ಜೀಪು ಹತ್ತಿಸುವುದನ್ನು ನಿಲ್ಲಿಸಬೇಕು. ಕಳೆದ ಭಾನುವಾರ ಏಳೆಂಟು ಜೀಪುಗಳು ಸಾಲಾಗಿ ಬಂದವು. ಒಂದು ಕೆಸರಲ್ಲಿ ಹೂತಿತು, ಇನ್ನೊಂದು ಹಗ್ಗ ಕಟ್ಟಿ ಎಳೆಯಿತು. ಚಕ್ರ ತಿರುಗಿದಲ್ಲೆಲ್ಲ ಹುಲ್ಲು ಬೇರುಸಹಿತ ಕಿತ್ತು, ಮೊಣಕಾಲಾಳದ ಚಡಿ ಬಿದ್ದಿದೆ. ಕಷ್ಟದ ದಾರಿಯಲ್ಲಿ ಗಾಡಿ ಓಡಿಸುವ ಖುಷಿ ನನಗೂ ಅರ್ಥವಾಗುತ್ತದೆ. ಆದರೆ ಇದು ಸುಮ್ನೆ ಬಿದ್ದಿರುವ ಗುಡ್ಡ ಅಲ್ಲ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಬೇಸಿಗೆಯಲ್ಲಿ ನೀರಿಗೆ ಪರದಾಟ. ಗುಡ್ಡದ ಮುರಕಲ್ಲು (ತೂತುತೂತಾದ ಕೆಂಪುಕಲ್ಲು) ಮಳೆನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಅದರಿಂದಲೇ ನಮ್ಮ ಹಿರಿಯರು ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳಲ್ಲಿ ನೀರು ಜಿನುಗುತ್ತದೆ, ಅಡಿಕೆ ತೋಟ ಉಳಿಯುತ್ತದೆ. ಚಡಿ ಬಿದ್ದರೆ ನೀರು ಇಂಗದೆ ಓಡುತ್ತದೆ, ಮಣ್ಣನ್ನೂ ತೋಡಿಗೆ ಒಯ್ಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಡದಲ್ಲೇ ಗೇಟು ಹಾಕಿ, ನಡೆದು ಹತ್ತುವವರನ್ನು ಮಾತ್ರ ಬಿಡಲಿ. ಜೀಪಿನವರಿಗೆ ಕೆಲಸ ನಿಂತ ಕಲ್ಲುಕೋರೆಗಳು ಇವೆ ಅಲ್ವಾ? ಅಪಾಯವಿಲ್ಲದ ಒಂದನ್ನು ಹುಡುಕಿ, ಶುಲ್ಕ ಪಡೆದು ಪಂಚಾಯತು ಅವರಿಗೆ ಬಿಟ್ಟುಕೊಡಲಿ.

– ಓರ್ವ ಕೃಷಿಕ, ಪೈವಳಿಕೆ