ಇದನ್ನು ಬಿಚ್ಚಲು ಬರುತ್ತದೆಯೇ?

ಪ್ರಿಯ ಸೀನು,

ಫ್ಲ್ಯಾಟಿನ ಕೀಲಿಕೈ ಕೈಗೆ ಬಂದಿತೆಂದೂ, ಪ್ಲೈವುಡ್ಡಿನಿಂದ ಹಿಡಿದು ಪರದೆಯವರೆಗೆ ಯಾವುದನ್ನು ಎಲ್ಲಿ ಕೊಳ್ಳಬೇಕೆಂದು ಒಂದು ಪಟ್ಟಿ ಮಾಡಿ ಕಳುಹಿಸಬೇಕೆಂದೂ ನೀನು ಬರೆದಿದ್ದೆ. ಪಟ್ಟಿ ಕಳುಹಿಸಿದರೆ ನೀನು ಓದುವವನಲ್ಲ ಎಂಬುದು ಬೆಂಗಳೂರಿನ ಹನುಮಂತನಗರದ ಕೋಣೆಯ ಕಾಲದಿಂದಲೂ ನನಗೆ ಗೊತ್ತು. ಆದ್ದರಿಂದ ಎಲ್ಲರ ಕಣ್ಣಿಗೂ ಬೀಳುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದ ಮೇಲಾದರೂ ಮರ್ಯಾದೆಗೆ ಅಂಜಿ ನೀನೂ ಓದುವೆ. ಉಳಿದ ಓದುಗರಲ್ಲಿ ಒಂದು ವಿನಂತಿ: ನಡುವೆ ‘ಮೂರನೆಯ ಕಾಲಿನ’ ಪ್ರಸ್ತಾಪ ಬಂದರೆ ದಯವಿಟ್ಟು ದಾಟಿಕೊಂಡು ಮುಂದೆ ಹೋಗಬೇಕು. ಅದನ್ನು ಯಾರಿಗೂ ವಿವರಿಸುವುದಿಲ್ಲವೆಂದು ನಾನು ಸೀನುವಿಗೆ ಮಾತು ಕೊಟ್ಟಿದ್ದೇನೆ.

ಮೊದಲು ಮರದ ವಿಷಯ. ಮನೆ ಮಾಡಿದರೆ ದಾಂಡೇಲಿಯ ತೇಗದಲ್ಲೇ ಮಾಡುವೆನೆಂಬ ನಿನ್ನ ಹಳೆಯ ಶಪಥವನ್ನು ಕೈಬಿಡು. ಅರಣ್ಯ ಇಲಾಖೆಯ ದಾಂಡೇಲಿ, ಕಿರವತ್ತಿ ಡಿಪೋಗಳಲ್ಲಿ ನಾಟಾ ಹರಾಜಾಗುವುದು ನಿಜ. ಆದರೆ ಅಲ್ಲಿ ದಿಮ್ಮಿಗಳ ಲಾಟನ್ನು ಹಿಡಿದು, ಸಾಗಿಸಲು ರಹದಾರಿ ಪಡೆದು, ಸಾ ಮಿಲ್ಲಿನಲ್ಲಿ ಕೊಯ್ಯಿಸಿ, ಒಣಗಲು ಬಿಟ್ಟು, ಕಡೆಗೊಂದು ದಿನ ಹಲಗೆಗಳನ್ನು ನಿನ್ನ ಹನ್ನೊಂದನೆಯ ಮಹಡಿಗೆ ಏರಿಸುವ ಹೊತ್ತಿಗೆ ನಿನ್ನ ಮಗಳ ಮದುವೆಯ ಮಂಚವನ್ನೇ ನೇರವಾಗಿ ಮಾಡಿಸಬೇಕಾದೀತು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ನಿನಗೂ ನನಗೂ ಸಾಕು. ಅಲ್ಲಿ ಮರ ಘನ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಪ್ಲೈವುಡ್ ಚದರ ಅಡಿಯ ಲೆಕ್ಕದಲ್ಲಿ. ‘ತೇಗ’ ಎಂದರೆ ಯಾವ ಊರಿನ ತೇಗವೆಂದು ಕೇಳು; ಬರ್ಮಾದ್ದೋ, ಆಫ್ರಿಕಾದ್ದೋ, ನಮ್ಮ ನೆಡುತೋಪಿನದೋ ಎಂಬುದರ ಮೇಲೆ ಬೆಲೆ ಎಲ್ಲಿಂದೆಲ್ಲಿಗೋ ಹಾರುತ್ತದೆ. ಕೈ ಬಿಗಿಯಿದ್ದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಕೂಡ ಉಂಟು.

ಫ್ಲ್ಯಾಟಿನಲ್ಲಿ ಇರುವವರಿಗೆ ಮರಕ್ಕಿಂತ ಪ್ಲೈವುಡ್ಡಿನ ಜ್ಞಾನವೇ ಹೆಚ್ಚು ಮುಖ್ಯ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಲಗೆಯೆಂದರೆ 32 ಚದರ ಅಡಿ. ಅಂಗಡಿಯವರು ‘ವಾಟರ್‌ಪ್ರೂಫ್ ಸಾರ್, ಕಣ್ಣು ಮುಚ್ಚಿಕೊಂಡು ತಗೊಳ್ಳಿ’ ಎಂದಾಗ ಕಣ್ಣು ತೆರೆದು ಹಲಗೆಯ ಮೇಲಿನ ಮುದ್ರೆಯನ್ನು ಓದು. ಭಾರತೀಯ ಮಾನಕದ ಗುರುತಾದ ಐಎಸ್ 303 ಎಂದಿದ್ದು ಎಂಆರ್ ದರ್ಜೆಯಾದರೆ ಅದು ಗಾಳಿಯ ತೇವವನ್ನು ತಡೆದೀತೇ ಹೊರತು ನೀರನ್ನಲ್ಲ. ಮಲಗುವ ಕೋಣೆಯ ಬೀರುವಿಗೆ ಅಷ್ಟು ಸಾಕು. ಐಎಸ್ 710 ಎಂದಿದ್ದರೆ ಅದು ಮರೀನ್ ಪ್ಲೈ, 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಅಡುಗೆಮನೆಯ ಸಿಂಕಿನ ಕೆಳಗೆ ಇದನ್ನೇ ಹಾಕಿಸು. ಮುದ್ರೆಯನ್ನೂ ಪೂರ್ತಿ ನಂಬಬೇಡ. ಅಲ್ಲೊಬ್ಬ ಹಿರಿಯ ಬಡಗಿ ಹಲಗೆಯ ಕೊಯ್ದ ಅಂಚನ್ನು ಬೆಳಕಿಗೆ ಹಿಡಿದು, ಪದರಗಳ ನಡುವಿನ ಸಂದುಗಳಲ್ಲಿ ಉಗುರು ಆಡಿಸಿ, ಉಗುರು ಒಳಗೆ ಹೋದ ಹಲಗೆಗಳನ್ನು ಒಂದು ಮಾತೂ ಆಡದೆ ಬದಿಗೆ ಸರಿಸಿದ್ದನ್ನು ಕಂಡೆ. ಕೊನೆಗೆ ಆರಿಸಿದ ಹಲಗೆಯ ಒಂದು ತುದಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು ತೂಕ ನೋಡೆಂದರು. ನನಗೇನೂ ತಿಳಿಯಲಿಲ್ಲ, ಆದರೂ ತಿಳಿದವನಂತೆ ತಲೆಯಾಡಿಸಿದೆ. ಆ ತಲೆಯಾಡಿಸುವ ವಿದ್ಯೆಯನ್ನು ನಾನು ಯಾರಿಂದ ಕಲಿತೆನೆಂದು ನಿನಗೆ ಗೊತ್ತಿದೆ.

ಬಡಗಿಯನ್ನು ಕರೆದುಕೊಂಡು ಹೋಗು, ಆದರೆ ಅವರು ಹೇಳಿದ ಒಂದೇ ಅಂಗಡಿಗೆ ಹೋಗಬೇಡ. ಗಿರಾಕಿ ತಂದ ಬಡಗಿಗೆ ಅಂಗಡಿಯವರು ಪಾಲು ಕೊಡುವುದು ಈ ವ್ಯಾಪಾರದಲ್ಲಿ ಎಲ್ಲರಿಗೂ ತಿಳಿದ, ಯಾರೂ ಬಾಯಿಬಿಡದ ಪದ್ಧತಿ. ಅದನ್ನು ನಾನು ಅನ್ಯಾಯವೆನ್ನುವುದಿಲ್ಲ. ಅವರ ಉಗುರಿನ ಜ್ಞಾನಕ್ಕೆ ಬೇರೆ ಯಾರೂ ಸಂಬಳ ಕೊಡುತ್ತಿಲ್ಲ. ಬಿಲ್ ಬೇಡವೆಂದರೆ ಶೇಕಡಾ 18ರ ತೆರಿಗೆ ಉಳಿಯುತ್ತದೆಂಬ ಮಾತೂ ಬರುತ್ತದೆ. ಬಿಲ್ ತೆಗೆದುಕೋ, ಮುಂದೆ ಪದರ ಬಿಟ್ಟಾಗ ತೋರಿಸಲು ಬೇರೇನೂ ಇರುವುದಿಲ್ಲ.

ಕೀಲು, ಹಿಡಿಕೆ, ಡ್ರಾಯರಿನ ಚಾನೆಲ್ಲುಗಳಿಗೆ ಎಸ್.ಪಿ. ರಸ್ತೆಗೂ ಎಸ್.ಜೆ.ಪಿ. ರಸ್ತೆಗೂ ಹೋಗು, ದೀಪಗಳಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ಪ್ಲೈವುಡ್ಡಿನಲ್ಲಿ ಹಣ ಉಳಿಸಿದರೂ ಕೀಲಿನಲ್ಲಿ ಉಳಿಸಬೇಡ, ಏಕೆಂದರೆ ಬೀರುವಿನಲ್ಲಿ ದಿನವೂ ದುಡಿಯುವುದು ಅದೊಂದೇ. ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಬೇಕಾದರೆ ಜಿಗಣಿಯ ಕಾರ್ಖಾನೆಗಳಿಗೇ ಹೋಗಿ, ಚಪ್ಪಡಿಯ ಮೇಲೆ ನೀರು ಚಿಮುಕಿಸಿ ನೋಡು. ಸೀಳಿದ್ದರೆ ಆ ಗೆರೆ ಒಣಗಲು ತಡಮಾಡುತ್ತದೆ.

ಇನ್ನು ಸಿದ್ಧ ಪೀಠೋಪಕರಣ. ಕಮ್ಮನಹಳ್ಳಿಯ ಸಾಲು ಅಂಗಡಿಗಳನ್ನು ನೋಡು. ಶಿವಾಜಿನಗರದಲ್ಲಿ ಹಳೆಯದನ್ನು ನೋಡು. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾವನ್ನೂ ನೋಡು. ಅಲ್ಲಿ ಕೊಳ್ಳದಿದ್ದರೂ ಒಂದು ಪುಟ್ಟ ಕೋಣೆಯಲ್ಲಿ ಏನೇನು ಹಿಡಿಸಬಹುದೆಂಬುದನ್ನು ಕಲಿಯಬಹುದು. ಬರೆಯಬೇಕೆಂದು ಕುಳಿತದ್ದು ಇಷ್ಟೇ ಆಗಿತ್ತು. ಆದರೆ ನನ್ನ ಮನೆಗಾಗಿ ಈ ಅಂಗಡಿಗಳಲ್ಲಿ ಅಲೆಯುವಾಗ ನನ್ನ ಬಾಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು. ಸೋಫಾ ಇರಲಿ, ಮಂಚವಿರಲಿ, ಪುಸ್ತಕದ ಕಪಾಟಿರಲಿ, ಬೆಲೆಯನ್ನೂ ಕೇಳುವ ಮೊದಲು ನಾನು ‘ಇದನ್ನು ಬಿಚ್ಚಲು ಬರುತ್ತದೆಯೇ?’ ಎಂದು ಕೇಳುತ್ತಿದ್ದೆ. ಕಮ್ಮನಹಳ್ಳಿಯ ಒಬ್ಬ ಅಂಗಡಿಯವರು ಅಳತೆಪಟ್ಟಿಯನ್ನು ಸುತ್ತಿಟ್ಟು ನಕ್ಕರು. ‘ಸ್ವಂತ ಮನೆ ಅಂತೀರಿ, ಬಿಚ್ಚಿ ಎಲ್ಲಿಗೆ ತಗೊಂಡು ಹೋಗ್ತೀರಿ ಸಾರ್?’

ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟು, ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ, ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಕಳೆದುಕೊಳ್ಳುವುದು ಈ ಊರಿನಲ್ಲಿ ಬದುಕು ಕಟ್ಟಿಕೊಂಡವರೆಲ್ಲರ ಕಥೆ, ನಿನ್ನದೂ ಹೌದು. ಗೋಡೆಗೆ ಮೊಳೆ ಹೊಡೆಯುವ ಮೊದಲು ಅದು ಮುಂಗಡದಲ್ಲಿ ಎಷ್ಟಕ್ಕೆ ಮುರಿಯುತ್ತದೆಂದು ಲೆಕ್ಕ ಹಾಕುವ ಅಭ್ಯಾಸ ನಮಗೆ ಯೌವನದಲ್ಲೇ ಅಂಟಿತು. ಈಗಿನ ನನ್ನ ಗೋಡೆಗಳು ಮೈವಾನ್ ಪದ್ಧತಿಯ ಅಚ್ಚು ಕಾಂಕ್ರೀಟಿನವು. ಸಾಮಾನ್ಯ ಮೊಳೆ ಬಾಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ, ಹ್ಯಾಮರ್ ಡ್ರಿಲ್ಲಿನಿಂದ ತೂತು ಕೊರೆದು ಪ್ಲಗ್ ಕೂರಿಸಬೇಕು. ಮದುವೆಯ ಫೋಟೋ ಇನ್ನೂ ನೆಲದ ಮೇಲೆ ಗೋಡೆಗೆ ಒರಗಿ ನಿಂತಿರುವುದಕ್ಕೆ ಬಂದವರಿಗೆಲ್ಲ ನಾನು ಕೊಡುವ ಕಾರಣ ಈ ಕಾಂಕ್ರೀಟೇ. ಡ್ರಿಲ್ ಮಾತ್ರ ನನ್ನ ಬಳಿ ಇದೆ. ಅದರ ಪೆಟ್ಟಿಗೆಯ ಟೇಪನ್ನು ಇನ್ನೂ ಕಿತ್ತಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಬಿಚ್ಚಿ ಜೋಡಿಸಬಹುದೆಂದು ನಾನು ಹುಡುಕಿ ತಂದ ಕಪಾಟುಗಳು ಪಾರ್ಟಿಕಲ್ ಬೋರ್ಡಿನವು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಆ ಹಲಗೆಯಲ್ಲಿ ಸ್ಕ್ರೂ ಮೊದಲ ಸಲ ಬಿಗಿಯಾಗಿ ಕೂರುತ್ತದೆ, ಬಿಚ್ಚಿ ಮತ್ತೆ ಕೂರಿಸಿದಾಗ ಹಿಡಿತ ಸಡಿಲವಾಗುತ್ತದೆ, ಅದರ ಮೇಲೆ ಇನ್ನೊಮ್ಮೆ ಎಂದರೆ ತೂತೇ ಪುಡಿಯಾಗಿ ಉದುರುತ್ತದೆ. ನನ್ನ ಅಜ್ಜಿಯ ಹಲಸಿನ ಮರದ ಮಂಚವೋ, ಮರಕ್ಕೆ ಮರವನ್ನೇ ಸಿಕ್ಕಿಸಿ ಬೆಣೆ ಹೊಡೆದದ್ದು, ಕೊಡಲಿಯ ಹಿಂಬದಿಯಿಂದ ನಾಲ್ಕು ಪೆಟ್ಟು ಹಾಕಿದರೆ ಬಿಚ್ಚಿಕೊಳ್ಳುತ್ತಿತ್ತು, ಇನ್ನು ನಾಲ್ಕು ಪೆಟ್ಟಿಗೆ ಕೂಡಿಕೊಳ್ಳುತ್ತಿತ್ತು. ಆ ಮನೆಯವರು ಯಾರೂ ಅದನ್ನು ಜಗುಲಿಯಿಂದಾಚೆಗೆ ಸಾಗಿಸಿದವರಲ್ಲ. ಎಲ್ಲಿಗೂ ಹೋಗದವರು ಹೋಗಬಲ್ಲ ಮಂಚವನ್ನು ಮಾಡಿಸಿಕೊಂಡರು, ಯಾವಾಗ ಹೊರಡಬೇಕಾದೀತೋ ಎಂದು ಹೆದರುವ ನಾನು ಹೊರಟರೆ ಪುಡಿಯಾಗುವ ಕಪಾಟನ್ನು ತಂದೆ.

ಹೆದರುವ ಎಂದು ಬರೆದೆನಲ್ಲ, ಈಗ ಅಳಿಸಿದರೆ ಇನ್ನೂ ಎದ್ದು ಕಾಣುತ್ತದೆ. ನಿನ್ನ ಅತ್ತಿಗೆ ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ, ನೆಲದಿಂದ ಚಾವಣಿಗೆ ಕೂರುವ ಬೀರು ಬೇಕೆಂದಳು. ನಾನು ಎರಡು ಬಾಗಿಲಿನ ಬಿಡಿ ಬೀರುಗಳು ಸಾಕೆಂದೆ. ದೇವರ ಮಂಟಪವನ್ನು ಗೋಡೆಗೆ ಸೇರಿಸಿ ಕಟ್ಟಿಸೋಣವೆಂದಳು. ಕಾಲಿರುವ ಮಂಟಪವಾದರೆ ಗುಡಿಸಲು ಅನುಕೂಲವೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಎಲ್ಲಿಗಾದರೂ ಹೋಗುತ್ತಿದ್ದೇವೆಯೇ?’ ಎಂದು ಕೇಳಿದಳು. ನಾನು ಗುಡಿಸುವ ಅನುಕೂಲದ ಬಗ್ಗೆಯೇ ಇನ್ನಷ್ಟು ಮಾತಾಡಿದೆ. ಸೀನು, ನಮ್ಮ ಆಫೀಸಿನಲ್ಲಿ ಸಾಲಾಗಿ ಕುಳಿತಿದ್ದವರ ಕುರ್ಚಿಗಳಲ್ಲಿ ಈಗ ಅರ್ಧದಷ್ಟು ಖಾಲಿ. ಪಕ್ಕದವನ ಕಪ್ಪು ಕಾಫಿ ಲೋಟ ಇನ್ನೂ ಮೇಜಿನ ಮೇಲಿದೆ, ಅವನಿಲ್ಲ. ಸಾಲ ಇಪ್ಪತ್ತು ವರ್ಷದ್ದು, ಮನೆಯ ಮೂಲ ಪತ್ರಗಳು ಬ್ಯಾಂಕಿನ ಪೆಟ್ಟಿಗೆಯಲ್ಲಿವೆ. ನನ್ನ ಲ್ಯಾಪ್‌ಟಾಪಿನಲ್ಲಿ ‘ಮನೆ ಸಾಮಾನು’ ಎಂಬ ಹೆಸರಿನ ಒಂದು ಕಡತವಿದೆ. ಅದರಲ್ಲಿ ಪ್ರತಿ ವಸ್ತುವಿನ ಮುಂದೆ ಕೊಂಡ ಬೆಲೆ, ಅದರ ಪಕ್ಕದಲ್ಲಿ ಮಾರಿದರೆ ಬರಬಹುದಾದ ಬೆಲೆ. ಎರಡನೆಯ ಅಂಕಣ ಇರುವುದು ಅವಳಿಗೆ ತಿಳಿಯದು. ನೇರವಾಗಿ ಹೇಳಬೇಕೆಂದು ಸಂಜೆ ಸಂಜೆಯೂ ಅಂದುಕೊಂಡು, ಕೊನೆಗೆ ನಿನ್ನ ಹೆಸರಿನ ಪತ್ರದಲ್ಲಿ, ಅವಳೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಓದಲಿ. ನೀನು ಫೋನ್ ಮಾಡಿ ಸಮಾಧಾನ ಹೇಳಬೇಡ, ನಿನಗೆ ಅದು ಬರುವುದಿಲ್ಲ.

ಇಷ್ಟಾದ ಮೇಲೆ ಹಿಡಿಕೆಗಳ ವಿಷಯಕ್ಕೆ ಬರುವುದು ಇಬ್ಬರಿಗೂ ಕ್ಷೇಮ. ಡ್ರಾಯರಿನ ಗುಂಡು ಹಿಡಿಕೆಗಳನ್ನು ಚನ್ನಪಟ್ಟಣದಲ್ಲಿ ಮಾಡಿಸು. ಬೊಂಬೆ ಮಾಡುವ ಅದೇ ಲೇತಿನ ಮೇಲೆ ಆಲೆ ಮರದ ತುಂಡನ್ನು ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆ ಮೇಲೆ ಕೇದಗೆಯ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅವು ಒಂದೇ ಸ್ಕ್ರೂವಿನಲ್ಲಿ ನಿಲ್ಲುತ್ತವೆ, ಒಂದೇ ನಿಮಿಷದಲ್ಲಿ ಬಿಚ್ಚಬಹುದು. ನಗಬೇಡ, ಅದು ನನ್ನ ಗಮನಕ್ಕೂ ಬಂದಿದೆ. ಪರದೆಯ ಬಟ್ಟೆಗೆ ಚಿಕ್ಕಪೇಟೆ. ಮೆಟ್ರೋದ ಹಸಿರು ಮಾರ್ಗದಲ್ಲೇ ನಾಗಸಂದ್ರವೂ ಚಿಕ್ಕಪೇಟೆಯೂ ಇರುವುದರಿಂದ ಎರಡನ್ನೂ ಒಂದೇ ದಿನ ಮುಗಿಸಬಹುದು. ಭಾನುವಾರ ಹೋಗಬೇಡ, ಸಗಟು ಅಂಗಡಿಗಳಲ್ಲಿ ಬಹುಪಾಲು ಬಾಗಿಲು ಹಾಕಿರುತ್ತವೆ, ಚೋರ್ ಬಜಾರಿನವರು ಬೀದಿ ತುಂಬಿರುತ್ತಾರೆ. ನಿನ್ನನ್ನು ಅಲ್ಲಿ ಹಳೆಯ ಗಡಿಯಾರಗಳ ಮುಂದೆ ಒಂಟಿಯಾಗಿ ಬಿಡುವುದು ಒಳ್ಳೆಯದಲ್ಲ. ನೆಲಕ್ಕೆ ಹಾಸಲು ಸಿಕ್ಕರೆ ನವಲಗುಂದದ ಜಮಖಾನವನ್ನೇ ತೆಗೆದುಕೋ. ಅಲ್ಲಿನ ಹೆಣ್ಣುಮಕ್ಕಳು ಕೈಯಲ್ಲಿ ನೇಯುವ ಹತ್ತಿಯ ಜಮಖಾನವದು. ನವಿಲು, ಪಗಡೆಯ ಹಾಸುಗಳು ಅದರಲ್ಲಿ ಬಹಳ ಚೆನ್ನಾಗಿ ಮೂಡುತ್ತವೆ, ನಿನ್ನ ಮಾರುಕಟ್ಟೆ ಸೋಫಾದ ಕುಂದುಗಳಿಂದ ನೋಡುವವರ ಕಣ್ಣನ್ನು ಬೇರೆಡೆಗೆ ಸೆಳೆಯುತ್ತವೆ.

ಮುಂದಿನ ಶನಿವಾರ ಬೆಳಿಗ್ಗೆ ಟಿಂಬರ್ ಯಾರ್ಡಿನಲ್ಲಿ ಸಿಗುತ್ತೇನೆ. ಬರುವಾಗ ನಿನ್ನ ಕಟ್ಟಡದ ಲಿಫ್ಟಿನ ಒಳ ಅಳತೆಯನ್ನು, ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಹಿಡಿದು, ಬರೆದುಕೊಂಡು ಬಾ. ಎಂಟು ಅಡಿಯ ಹಲಗೆ ಲಿಫ್ಟಿನಲ್ಲಿ ಹಿಡಿಯದಿದ್ದರೆ ಹನ್ನೊಂದು ಮಹಡಿಗಳ ಹೊರೆಕೂಲಿಯನ್ನು ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಊಟದ ಖರ್ಚು ನಿನ್ನದು. ಮೂರನೆಯ ಕಾಲಿನ ಬಾಕಿ ಇನ್ನೂ ತೀರಿಲ್ಲ.

ಇಂತಿ ನಿನ್ನ,
ಖಾಯಂ ಬಾಡಿಗೆದಾರ

ತಾ.ಕ.: ಸ್ನಾನದ ಮನೆಯ ಬಾಗಿಲಿಗೆ ಪ್ಲೈವುಡ್ ಬೇಡ, ಯಾವ ದರ್ಜೆಯದಾದರೂ ಸರಿ. ಡಬ್ಲ್ಯುಪಿಸಿ, ಅಂದರೆ ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ, ಹಾಕಿಸು, ಚೌಕಟ್ಟನ್ನೂ ಅದರಲ್ಲೇ ಮಾಡಿಸು.